ಎದೆಮಟ್ಟದ ನೀರಿಗೆ ಬೂಟು

ಸಗರ,
ಶನಿವಾರ, ೧೧ ಜನವರಿ ೨೦೦೩

ನನ್ನ ಮಗಳು ರೇಣಮ್ಮನಿಗೆ, ಊರಿನಿಂದ ಅವ್ವ ಬರೆಯುವುದು.

ನೀನು ಆರಾಮ ಇದ್ದೀ ಎಂದು ನಿನ್ನ ಪತ್ರದ ಸಿಟ್ಟಿನಿಂದಲೇ ತಿಳಿಯಿತು. ಮೈಯಲ್ಲಿ ಕಸುವಿಲ್ಲದವರು ಮೂರು ಪುಟ ಬಯ್ಯುವುದಿಲ್ಲ. ಕೆರೆ ಬಿಡು, ಗುಲ್ಬರ್ಗಕ್ಕೆ ಬಂದು ನನ್ನ ಕ್ವಾರ್ಟರ್ಸಿನಲ್ಲಿ ಇರು, ನರ್ಸಿನ ಪಗಾರ ಇಬ್ಬರಿಗೂ ಸಾಕು ಎಂದು ಬರೆದಿದ್ದೀ. ಎರಡು ಸಲ ಓದಿದೆ, ಕಣ್ಣೀರೂ ಬಂತು. ಆದರೆ ಬರುವುದಿಲ್ಲ. ಅಲ್ಲಿ ನಾನೇನು ಮಾಡಲಿ, ಫ್ಯಾನು ತಿರುಗುವುದನ್ನು ನೋಡುತ್ತ ಕೂಡಲೇನು?

ಫೋನಾದರೂ ಮಾಡು ಎಂದಿದ್ದೀ. ಊರಲ್ಲಿರುವ ಒಂದೇ ಫೋನಿನಂಗಡಿ ನಮ್ಮ ಮೀನುಗಾರರ ಸಂಘದ ಅಧ್ಯಕ್ಷ ಈಶಪ್ಪನ ಮಗನದು. ಅಲ್ಲಿ ಆಡಿದ ಮಾತು ನಾನು ಮನೆ ಮುಟ್ಟುವುದರೊಳಗೆ ಸಂಘಕ್ಕೆ ಮುಟ್ಟಿರುತ್ತದೆ. ಅದಕ್ಕೇ ಪತ್ರ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ ಎಂದು ನಗಬೇಡ, ಸಾಕ್ಷರತಾ ಶಾಲೆಯ ಅಕ್ಷರ ಇಷ್ಟೇ.

ಸಂಗತಿ ಹೀಗಿದೆ. ಹದಿನೈದು ದಿನಕ್ಕೊಮ್ಮೆ ಕೆರೆಯಲ್ಲಿ ದೊಡ್ಡ ಬಲೆ ಎಳೆಯುತ್ತಾರಲ್ಲ, ಹೋದ ಎರಡು ಸಲ ನಾನು ನೀರಿಗೆ ಇಳಿಯಲಿಲ್ಲ. ಚಳಿಗೆ ಕಾಲು ಹಿಡಿದುಕೊಂಡಿವೆ ಎಂದು ಹೇಳಿ ಕಳಿಸಿದ್ದೆ. ಮೂರು ಸಲ ತಪ್ಪಿದರೆ ಸದಸ್ಯರ ಪುಸ್ತಕದಿಂದ ಹೆಸರು ಹೊಡೆದುಹಾಕುವುದು ಸಂಘದ ಕಾಯಿದೆ. ಸೋಮವಾರ ಮುಂಜಾನೆ ಮೂರನೆಯ ಬಲೆ. ಈಶಪ್ಪ ಮನೆಯತನಕ ಬಂದು, ದೇವಕಮ್ಮ, ನಿನಗ ವಯಸ್ಸಾತು, ಹೆಸರು ಹುಲಗಪ್ಪಗ ಬರದು ಕೊಟ್ಟು ಮನ್ಯಾಗ ಬೆಚ್ಚಗ ಕುಂದ್ರು ಎಂದ. ನಿನ್ನ ಕಾಕಾ ಹುಲಗಪ್ಪ ಅವನ ಹಿಂದೆಯೇ ನಿಂತು ನೆಲ ನೋಡುತ್ತಿದ್ದ. ಇಬ್ಬರೂ ಮೊದಲೇ ಮಾತಾಡಿಕೊಂಡು ಬಂದದ್ದು ಕುರುಡರಿಗೂ ಕಾಣುವಂತಿತ್ತು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನಿಮ್ಮಪ್ಪ ಹೋದ ಮೇಲೆ ಆ ಹೆಸರಿಗಾಗಿ ಎರಡು ವರ್ಷ ಅಡ್ಡಾಡಿದವಳು ನಾನು. ಹೆಂಗಸರನ್ನು ಸೇರಿಸಿಕೊಂಡ ರೂಢಿಯಿಲ್ಲ ಎಂದು ಇದೇ ಈಶಪ್ಪ ಹೇಳಿದ್ದ. ಸಂಘದ ಪುಸ್ತಕದಲ್ಲಿ ನಾನು ಹೆಬ್ಬೆಟ್ಟು ಒತ್ತಲಿಲ್ಲ, ನನ್ನ ಕೈಯಾರೆ ದೇವಕಮ್ಮ ಎಂದು ಬರೆದೆ. ನಿನ್ನ ಓದು ಮುಗಿದದ್ದು ಆ ಹೆಸರಿಗೆ ಬಂದ ಮೀನಿನ ಪಾಲಿನಿಂದ. ಅದನ್ನು ಹೊಡೆದುಹಾಕಲು ಬಿಡುತ್ತೇನೆಯೇ? ಮೂರನೇ ಬಲಿಗಿ ಬರ್ತೀನಿ, ಎದಿಮಟ ನೀರಾಗ ನಿಂದ್ರತೀನಿ, ನೋಡಾಕ ಬರ್ರಿ ಎಂದು ಹೇಳಿ ಬಾಗಿಲು ಹಾಕಿಕೊಂಡೆ.

ಹೇಳುವುದೇನೋ ಹೇಳಿಬಿಟ್ಟೆ. ನೀನು ಸಣ್ಣವಳಿದ್ದಾಗ ಸಂಕ್ರಮಣದ ಹೊತ್ತಿಗೆ ಕೆರೆ ಮೊಣಕಾಲಿಗೆ ಇಳಿದಿರುತ್ತಿತ್ತು, ಬಿಸಿಲಿಗೆ ನೀರು ಬೆಚ್ಚಗಿರುತ್ತಿತ್ತು. ಕಾಲುವೆ ಬಂದ ಮೇಲೆ ಕೆರೆ ಬತ್ತುವುದೇ ಇಲ್ಲ. ಮೀನು ಹೆಚ್ಚಾದವು, ಆಳವೂ ಹೆಚ್ಚಾಯಿತು. ಹೊತ್ತು ಮೂಡುವಾಗ ಎದೆಮಟ್ಟದ ನೀರಿನಲ್ಲಿ ಎರಡು ತಾಸು ನಿಂತರೆ ಗಂಡಸರೂ ಹಲ್ಲು ಕಡಿಯುತ್ತಾರೆ. ಅದಕ್ಕೇ ಗುರುವಾರ ಶಹಾಪುರಕ್ಕೆ ಹೋಗಿ ಖಾಜಾಹುಸೇನನ ಅಂಗಡಿ ಹೊಕ್ಕೆ. ಹಗ್ಗ, ತಾಡಪತ್ರಿ, ಪಂಪಿನ ಪೈಪು ಮಾರುತ್ತಾನಲ್ಲ, ಅವನೇ. ಹೈದರಾಬಾದಿನಿಂದ ಅವನು ರಬ್ಬರಿನ ಪ್ಯಾಂಟು ತರಿಸಿದ್ದಾನೆ. ಎದೆಯತನಕ ಬರುತ್ತದೆ, ಕೆಳಗೆ ಬೂಟು ಅದಕ್ಕೇ ಅಂಟಿಕೊಂಡಿದೆ, ಮೇಲೆ ಹೆಗಲಿಗೆ ಪಟ್ಟಿ.

ಯಾರಿಗೆ ಬೇಕ್ರಿ ಎಂದು ಕೇಳಿದ. ನನಗ ಎಂದೆ. ಅವನು ನಗಲಿಲ್ಲ, ಅದಕ್ಕೇ ನನಗೆ ಅವನು ಮೆಚ್ಚಿಗೆ. ಎರಡು ಬಗೆ ತೆಗೆದು ಹಾಸಿದ. ಒಂದು ಹಸಿರು ಬಟ್ಟೆಯದು, ಹಗುರ, ಮಡಚಿದರೆ ಕಂಕುಳಲ್ಲಿ ಹಿಡಿಯುತ್ತದೆ. ಇನ್ನೊಂದು ಕರಿ ರಬ್ಬರು, ದಪ್ಪ, ಎತ್ತಿದರೆ ಕುರಿಮರಿಯಷ್ಟು ಭಾರ. ಎಲ್ಲರೂ ಹಸಿರೇ ಒಯ್ತಾರ್ರಿ ಅಮ್ಮಾ ಎಂದ. ಎಲ್ಲರ ಮಾತು ಬಿಡು, ಒಂದು ಕೊಡ ನೀರು ತರಿಸು ಎಂದೆ. ಎರಡನ್ನೂ ಅಂಗಡಿ ಮುಂದಿನ ಬೇವಿನ ಮರಕ್ಕೆ ತೂಗುಹಾಕಿಸಿ ಒಳಗೆ ನೀರು ಸುರಿಸಿದೆ. ಹೊರಗಿನ ನೀರು ಒಳಗೆ ಬರುವ ದಾರಿಯಿದ್ದರೆ ಒಳಗಿನ ನೀರೂ ಅಲ್ಲಿಂದಲೇ ಹೊರಗೆ ಬರಬೇಕಲ್ಲ! ಒಂದು ಕಪ್ಪು ಚಹಾ ಕುಡಿಯುವುದರೊಳಗೆ ಹಸಿರಿನ ತೊಡೆಸಂದಿಯ ಹೊಲಿಗೆಯಿಂದ ಟಪ್ ಟಪ್ ಎಂದು ಶುರುವಾಯಿತು. ಕರಿಯದು ಒಂದು ಹನಿ ಬಿಡಲಿಲ್ಲ. ಖಾಜಾಹುಸೇನ ಬಾಯಿ ಮೇಲೆ ಕೈ ಇಟ್ಟುಕೊಂಡ.

ಆಮೇಲೆ ಕರಿಯದನ್ನು ಒರೆಸಿಸಿ, ಬೂಟಿನೊಳಗೆ ಕೈ ಹಾಕಿ ಮೂಲೆಮೂಲೆ ತಡವಿದೆ. ಒಳಗೆ ಒಂದು ಗಂಟು ಇರಬಾರದು, ಒಂದು ಮೊಳೆಯ ತುದಿ ಇರಬಾರದು. ಎಡಗಾಲಿನದನ್ನು ಮೂರು ಸಲ ತಡವಿದೆ. ಅಮ್ಮಾ, ನೀವು ಬೂಟ್ ತಗೋಳಾಕತ್ತೀರೋ, ಮಗಳಿಗಿ ವರ ನೋಡಾಕತ್ತೀರೋ ಎಂದು ಕೇಳಿದ. ವರ ಆದರ ಇಷ್ಟು ನೋಡ್ತಿದ್ದಿಲ್ಲಪಾ ಎಂದೆ. ನೀನು ಸಿಟ್ಟಾಗಬೇಡ, ನಗೆಯ ಮಾತು.

ಕಚ್ಚೆ ಸೀರೆಯ ಮೇಲೆ ಅದು ಏರಲಿಲ್ಲ. ಅವನ ತಾಯಿ ಮದೀನಾಬೀ ಒಳಗೆ ಕರೆದು ತನ್ನ ಹಳೆಯ ಸಲವಾರ ಕೊಟ್ಟಳು. ಹಾಕಿಕೊಂಡು ಹೊರಗೆ ಬಂದರೆ, ಯವ್ವಾ, ದೇವಕ್ಕಾ, ಆನಿ ಮರಿ ಕಂಡಂಗ ಕಾಣ್ತಿ ನೋಡು ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೂ ನಗು ತಡೆಯಲಿಲ್ಲ. ಎಷ್ಟೋ ದಿನದ ಮೇಲೆ ಹಾಗೆ ನಕ್ಕೆ. ಬೂಟು ಗಂಡಸರ ಅಳತೆಯದು, ನನ್ನ ಪಾದಕ್ಕೆ ನಾಲ್ಕು ಬೆರಳು ದೊಡ್ಡದು. ಮದೀನಾಬೀ ಬಿಗಿಯಾತೇನು, ಸಡ್ಲಾತೇನು ಎಂದು ಕೇಳುತ್ತಲೇ ಇದ್ದಳು. ನಾನು ಹತ್ತು ಹೆಜ್ಜೆ ನಡೆದು, ಎಲ್ಲ ಕಳಚಿ, ಪಾದ ಎಲ್ಲಿ ಕೆಂಪಾಗಿದೆ ಎಂದು ಕಣ್ಣಲ್ಲೇ ನೋಡಿ ಹೇಳಿದೆ.

ದೊಡ್ಡದಕ್ಕೆ ಉಪಾಯ ಮನೆಯಲ್ಲೇ ಇತ್ತು. ನಿಮ್ಮಪ್ಪನ ಕಂಬಳಿಯ ಒಂದು ಅಂಚು ಕತ್ತರಿಸಿ ಎರಡು ಕಾಲುಚೀಲ ಹೊಲಿದೆ. ಕತ್ತರಿ ಇಡುವ ಮೊದಲು ಎರಡು ಸಲ ಮಡಚಿ ಮತ್ತೆ ಪೆಟ್ಟಿಗೆಗೆ ಇಟ್ಟಿದ್ದೆ. ಆದರೆ ಪೆಟ್ಟಿಗೆಯಲ್ಲಿದ್ದು ಹುಳ ತಿನ್ನುವುದಕ್ಕಿಂತ ಇದು ಮೇಲು, ಅವರಿದ್ದರೂ ಹಾಗೇ ಹೇಳುತ್ತಿದ್ದರು. ಹೊಲಿಗೆ ಹೊರಮೈಗೆ ಬರುವಂತೆ ಹಾಕಿದ್ದೇನೆ, ಕಾಲಿಗೆ ಒತ್ತಬಾರದು ನೋಡು.

ಇನ್ನೊಂದು ಮಾತು ಖಾಜಾಹುಸೇನ ಕೈ ಹಿಡಿದು ಹೇಳಿದ. ಕಾಲು ಜಾರಿ ಬಿದ್ದರೆ ಮೇಲಿನಿಂದ ನೀರು ಒಳಗೆ ತುಂಬುತ್ತದೆ, ತುಂಬಿದರೆ ಏಳುವುದು ಕಷ್ಟ, ನಡುವಿಗೆ ಪಟ್ಟಾ ಬಿಗಿಯದೆ ನೀರಿಗಿ ಇಳಿಬ್ಯಾಡ್ರಿ ಎಂದು. ಅವನು ಹೇಳಿದ ಎಂದು ನಂಬಿ ಕೂಡುವವಳು ನಾನಲ್ಲ. ನಿನ್ನೆ ಪಕ್ಕದ ಮನೆಯ ಮೋನಮ್ಮನನ್ನು ಕರೆದುಕೊಂಡು ಕೆರೆಗೆ ಹೋದೆ. ನನ್ನ ನಡುವಿಗೆ ಹಗ್ಗ ಕಟ್ಟಿ ಅವಳ ಕೈಗೆ ಕೊಟ್ಟು, ಪಟ್ಟಾ ಬಿಗಿದು, ಸೊಂಟಮಟ್ಟದ ನೀರಿನಲ್ಲಿ ಬೇಕೆಂದೇ ಕುಕ್ಕರಿಸಿ ಕುಳಿತೆ. ಕುತ್ತಿಗೆಯತನಕ ನೀರು ಬಂತು. ಮೋನಮ್ಮ ದಂಡೆಯ ಮೇಲೆ ದೇವರನ್ನೆಲ್ಲ ಕರೆಯುತ್ತಿದ್ದಳು. ಒಳಗೆ ಒಂದು ತಂಬಿಗೆಯಷ್ಟು ನೀರು ಬಂದಿರಬೇಕು, ಪಟ್ಟಾದ ಹತ್ತಿರ ನಿಂತುಬಿಟ್ಟಿತು. ನಾನೇ ಎದ್ದೆ, ಅವಳು ಹಗ್ಗ ಎಳೆಯಬೇಕಾಗಲಿಲ್ಲ. ಕಾಲು ತಣ್ಣಗ ಅದಾವೇನು ಎಂದು ಕೇಳಿದಳು. ಬೆಚ್ಚಗ ಅದಾವ ಎಂದೆ.

ಆದ್ದರಿಂದ ರೇಣಾ, ಸೋಮವಾರ ನಾನು ಇಳಿಯುತ್ತೇನೆ. ಬಲೆಯ ಬಲಗಡೆಯ ಹಗ್ಗ ನನ್ನದು, ನಿಮ್ಮಪ್ಪ ನಿಲ್ಲುತ್ತಿದ್ದ ಜಾಗ. ಈಶಪ್ಪ ಪುಸ್ತಕ ತಂದು ಹಾಜರಿ ಹಾಕಲಿ. ಈ ಪತ್ರವನ್ನು ಇವತ್ತು ಸಂಜೆಯ ಟಪಾಲು ಹೋದ ಮೇಲೆಯೇ ಡಬ್ಬಿಗೆ ಹಾಕುತ್ತೇನೆ, ನಾಳೆ ರವಿವಾರ, ಸೋಮವಾರವೇ ಅದು ಊರು ಬಿಡುವುದು. ನಿನ್ನ ಕೈ ಸೇರುವಷ್ಟರಲ್ಲಿ ನಾನು ನೀರಿಗಿಳಿದು ಹೊರಗೆ ಬಂದಿರುತ್ತೇನೆ. ಬೇಡ ಎನ್ನಲು ಓಡಿ ಬರುತ್ತೀ ಎಂದು ಗೊತ್ತು, ಅದಕ್ಕೇ ಹೀಗೆ.

ಹೊತ್ತಿಗೆ ಸರಿಯಾಗಿ ಉಣ್ಣು. ಡ್ಯೂಟಿ ಡ್ಯೂಟಿ ಎಂದು ಚಹಾದ ಮೇಲೆ ದಿನ ಕಳೆಯಬೇಡ.

ನಿನ್ನ ಹಟಮಾರಿ ಅವ್ವ,
ದೇವಕಮ್ಮ
(ಸಂಘದ ಪುಸ್ತಕದಲ್ಲಿರುವುದೂ ಇದೇ ಸಹಿ)

ತಾ.ಕ.: ಪತ್ರ ಮಡಚಿ ಮತ್ತೆ ಬಿಚ್ಚಿದ್ದೇನೆ. ಚಳಿ ಚಳಿ ಎಂದು ಇಷ್ಟು ಬರೆದೆ, ಅದು ಊರಿಗೆ ಹೇಳಿದ ಮಾತು. ದಸರೆಯಿಂದ ನನ್ನ ಎಡಪಾದಕ್ಕೆ ಚಳಿಯೇ ಗೊತ್ತಾಗುವುದಿಲ್ಲ. ಮೋನಮ್ಮನಿಗೆ ಬೆಚ್ಚಗಿವೆ ಎಂದದ್ದು ಬಲಗಾಲನ್ನು ನಂಬಿ. ಡಿಸೆಂಬರಿನಲ್ಲಿ ಒಂದು ಮುಂಜಾನೆ ಮನೆಯ ನೆಲದ ತುಂಬ ರಕ್ತದ ಕಲೆ ಕಂಡೆ. ಬೆಕ್ಕು ಇಲಿ ಹಿಡಿದು ತಂದಿದೆ ಎಂದು ಅದಕ್ಕೆ ಬಾಯಿಗೆ ಬಂದಂತೆ ಬೈದು, ಸಾರಿಸುತ್ತ ಹೋದೆ. ಸಾರಿಸಿದಲ್ಲೆಲ್ಲ ಮತ್ತೆ ಕಲೆ. ಆಮೇಲೆ ಕಾಲು ಎತ್ತಿ ನೋಡಿದರೆ ಕೆರೆದಂಡೆಯ ಜಾಲಿಮುಳ್ಳು ಅಂಗಾಲಿನಲ್ಲಿ ಬೆರಳುದ್ದ ಹೊಕ್ಕಿತ್ತು. ಯಾವಾಗ ಚುಚ್ಚಿತೋ ನನಗೆ ತಿಳಿದೇ ಇರಲಿಲ್ಲ. ಎರಡು ಬಲೆ ತಪ್ಪಿದ್ದು ಆ ಗಾಯಕ್ಕೆ. ಈಗ ಮೇಲೆ ಚರ್ಮ ಕೂಡಿದೆ. ಬೂಟು ಬೇಕಾದದ್ದು ನೀರಿಗಲ್ಲ, ಮುಳ್ಳಿಗೆ. ನಿಮ್ಮ ವಾರ್ಡಿನ ಸಕ್ಕರೆ ಕಾಯಿಲೆಯ ಮುದುಕನಿಗೆ ಗಾಯವಾದದ್ದೇ ತಿಳಿಯದೆ ಕೊನೆಗೆ ಕಾಲು ತೆಗೆದರು ಎಂದು ಹೋದ ಸಲ ನೀನು ಹೇಳಿದ್ದೀಯಲ್ಲ, ಅವತ್ತಿನಿಂದ ನನಗೆ ಹೆದರಿಕೆಯಾಗಿದೆ. ಯಾರಿಗೂ ಹೇಳಿಲ್ಲ, ನಿನಗೇ ಮೊದಲು. ಸಂಕ್ರಮಣ ಮುಗಿಸಿ ಬುಧವಾರದ ಮೊದಲ ಬಸ್ಸಿಗೆ ಬರುತ್ತೇನೆ, ನಿಲ್ದಾಣಕ್ಕೆ ಬಾ. ನನ್ನ ಕಾಲು ನೀನೇ ನೋಡು.