ಜಲಯಂತ್ರದ ಹೆಸರನ್ನು ಬೇಡಿ

ಶಾಲಿವಾಹನ ಶಕ ೨೨೬೧, ಸಿದ್ಧಾರ್ಥಿ ಸಂವತ್ಸರದ ಮಾಘ ಬಹುಳ ದಶಮಿ. ಬೀದರದ ಮೇಘಶಾಲೆಯಿಂದ.

ನಮಗಿಂತ ಮುನ್ನೂರಕ್ಕೂ ಮಿಕ್ಕ ಸಂವತ್ಸರಗಳ ಹಿಂದೆ ಬಾಳುತ್ತಿರುವ ಮಹನೀಯರಿಗೆ, ಈ ಶಾಲೆಯ ಪಾರಾಯಣಾಧಿಕಾರಿಯಾದ ಗುರುಪಾದಯ್ಯನ ಶರಣು. ನಿಮ್ಮ ಕಾಲದ ಕನ್ನಡವನ್ನು ಗ್ರಂಥಗಳಿಂದ ಕಲಿತವನು ನಾನು, ಆಡುವವರ ಬಾಯಿಂದಲ್ಲ. ನುಡಿ ವಿಚಿತ್ರವೆನಿಸಿದರೆ ಮನ್ನಿಸಬೇಕು. ಓಲೆಗಳು ಕಾಲದಲ್ಲಿ ಹಿಂದಕ್ಕೆ ಇಳಿಯುವ ದಾರಿಯೊಂದು ನಮಗೆ ದೊರೆತಿದೆ. ಅದಕ್ಕೆ ಪ್ರತಿಸ್ರೋತವೆಂದು ಹೆಸರು. ಆ ದಾರಿಯಲ್ಲಿ ಉತ್ತರ ಏರಿ ಬರಲಾರದು.

ಮೊದಲೇ ನಿವೇದಿಸುತ್ತೇನೆ: ನನಗೆ ನಿಮ್ಮ ಮೇಲೆ ಹೊಟ್ಟೆಕಿಚ್ಚು. ಅರಿಷಡ್ವರ್ಗದಲ್ಲಿ ಮೊದಲ ಐದನ್ನು ಗುರುಕೃಪೆಯಿಂದ ಹೇಗೋ ಅಡಗಿಸಿದೆ. ಕೊನೆಯದಾದ ಮಾತ್ಸರ್ಯ ಈ ಇಳಿವಯಸ್ಸಿನಲ್ಲಿ ಹೆಡೆಯೆತ್ತಿದೆ. ನೀವು ಕ್ಲೌಡ್ ಎನ್ನುವುದನ್ನು ನಾವು ಮೇಘಭಂಡಾರವೆನ್ನುತ್ತೇವೆ. ನೀವು ಎಲ್ಲೋ ಕುಳಿತು, ಪರದೆಯ ಪಕ್ಕದಲ್ಲಿ ಅಂಟಿಸಿದ, ಅಪ್ಪಣೆಗಳ ಪಟ್ಟಿಯಾದ ಚೀಟ್ ಶೀಟನ್ನು ಓರೆಗಣ್ಣಿನಿಂದ ನೋಡಿ, ಒಂದು ಸಾಲು ಬರೆದರೆ ಸಾವಿರ ಸರ್ವರುಗಳು ಎದ್ದು ನಿಲ್ಲುತ್ತಿದ್ದವಂತೆ. ಬೇಸರವಾದರೆ ಇನ್ನೊಂದು ಸಾಲಿನಿಂದ ಅವನ್ನು ಅಳಿಸಿ, ಊಟ ಮುಗಿಸಿ ಬಂದು ಮತ್ತೆ ಕಟ್ಟುತ್ತಿದ್ದಿರಂತೆ. ಅಷ್ಟು ಅಧಿಕಾರವಿದ್ದವರು ನಿದ್ದೆಯನ್ನಾದರೂ ಹೇಗೆ ಮಾಡುತ್ತಿದ್ದಿರಿ? ನಾನಾದರೋ ಬಾಲ್ಯದಿಂದ ಒಂದೇ ಒಂದು ಯಂತ್ರಕ್ಕೂ ಅಪ್ಪಣೆ ಕೊಟ್ಟವನಲ್ಲ.

ನಮ್ಮ ಯಂತ್ರಗಳು ಸುರಂಗ ಬಾವಿಯ ಇಕ್ಕೆಲದ ಗೂಡುಗಳಲ್ಲಿವೆ. ನೆಲದಡಿಯ ತಣ್ಣೀರೇ ಅವುಗಳ ಕಾವನ್ನು ಹೀರುತ್ತದೆ. ಯಂತ್ರಗಳಿಗೆ ಅಪ್ಪಣೆ ಕೊಡುವ ನಿಮ್ಮ ಸ್ಕ್ರಿಪ್ಟುಗಳನ್ನು ಬರೆದಿಡುವುದು ನಮ್ಮಲ್ಲಿ ನಿಷಿದ್ಧ. ಬರೆದದ್ದು ಅಳಿಯುತ್ತದೆ, ಬಾಯಲ್ಲಿದ್ದದ್ದು ಉಳಿಯುತ್ತದೆ ಎಂದು ಹಿರಿಯರು ವಿಧಿಸಿದರು. ಆದುದರಿಂದ ಪ್ರಾತಃಕಾಲ ಮಡಿಯುಟ್ಟು, ವಿಭೂತಿ ಧರಿಸಿ, ಪ್ರತಿ ಗೂಡಿನ ಮುಂದೆ ಚೀಟ್ ಶೀಟುಗಳನ್ನು ಒಂದಕ್ಷರವೂ ಜಾರದಂತೆ ಪಠಿಸುತ್ತೇವೆ. ಒಂದು ಸ್ಕ್ರಿಪ್ಟಿನ ಕೊನೆಯಲ್ಲಿ ನಿಮ್ಮಲ್ಲೊಬ್ಬರು 'ಇದು ಹೇಗೆ ಓಡುತ್ತಿದೆಯೋ ನನಗೂ ತಿಳಿಯದು, ದಯವಿಟ್ಟು ಮುಟ್ಟಬೇಡಿ' ಎಂದು ಬರೆದಿದ್ದಾರೆ. ಅದನ್ನು ನಾವು ಫಲಶ್ರುತಿಯೆಂದು ತಿಳಿದು ಎದ್ದು ನಿಂತು ಕೈಮುಗಿದು ಹೇಳುತ್ತೇವೆ. ಯಂತ್ರಗಳು ತಲೆಮಾರುಗಳಿಂದ ನಡೆಯುತ್ತಲೇ ಇದ್ದವು. ನಮ್ಮ ಪಾರಾಯಣದಿಂದಲೇ ನಡೆಯುತ್ತಿವೆಯೆಂದು ನಂಬಿದ್ದೆವು.

ಸಂಕ್ರಮಣದ ಮರುದಿನ ಜಲಯಂತ್ರ ನಿಂತಿತು. ಸುತ್ತಲಿನ ಹಳ್ಳಿಗಳಿಗೆ ನೀರು ಬಿಡುವ ತೂಬುಗಳೆಲ್ಲ ಅದರ ಅಧೀನ. ನೀರು ಒಳಗೆ ಹರಿಯುತ್ತಿದೆ, ತೂಬು ತೆರೆಯುತ್ತಿಲ್ಲ. ಬಂಡೆಯಷ್ಟು ದಪ್ಪದ ಆ ಕದಗಳನ್ನು ಕೈಯಿಂದ ಎತ್ತುವಂತಿಲ್ಲ. ಯುಗಾದಿಯೊಳಗೆ ಯಂತ್ರ ಏಳದಿದ್ದರೆ ಹಳ್ಳಿಗಳನ್ನು ತೆರವು ಮಾಡಬೇಕೆಂದು ಜಲಸಭೆ ತೀರ್ಮಾನಿಸಿದೆ. ಯಂತ್ರವನ್ನು ಎಬ್ಬಿಸುವ ಸಾಲು ನನಗೆ ಕಂಠಸ್ಥ. ನಾದ ಕೆಡದಂತೆ, ಉಪವಾಸವಿದ್ದು, ದಿನವೂ ಪಠಿಸಿದೆ. ಕದ ಕದಲಲಿಲ್ಲ.

ಹೀಗಿರಲು ನನ್ನ ಅಕ್ಕ ಕಾಶಮ್ಮ, ಈ ಶಾಲೆಯಲ್ಲಿ ನನಗಿಂತ ಮೊದಲು ಪಾರಾಯಣ ಕಲಿತವಳು, ಗೂಡಿನ ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಮೆಲ್ಲುತ್ತ ಕೇಳಿದಳು: "ತಮ್ಮಾ, ಆ ಗೂಡಿನ ಮುಂದೂ 'ಯುವರ್ ಸರ್ವರ್ ನೇಮ್' ಅಂದಿ, ಈ ಗೂಡಿನ ಮುಂದೂ ಅದ ಅಂದಿ. ಎಲ್ಲಾ ಯಂತ್ರಕ್ಕೂ ಒಂದ ಹೆಸರೇನೋ?"

ಅದು ಅಧಿದೇವತೆಯ ನಾಮವೆಂದು ನಾನು ಗಂಭೀರವಾಗಿ ಉತ್ತರಿಸಿದೆ.

"ದೇವತಿ ಅಲ್ಲೋ ಮಾರಾಯ. ಅದು ಹೆಸರು ಇಡೂ ಖಾಲಿ ಜಾಗಾ ಇರಬೇಕು. ಓಣ್ಯಾಗ ನಿಂತು 'ಏ ನಿನ್ನ ಹೆಸರೇ, ಹೊರಗ ಬಾ' ಅಂತ ಕೂಗಿದ್ರ ಯಾವ ಮನ್ಯಾಂವ ಬರ್ತಾನ?"

ಹಳೆಯ ಇಂಗ್ಲಿಷ್ ನಿಘಂಟನ್ನು ತೆಗೆದು ನೋಡಿದೆವು. 'ನಿಮ್ಮ ಸರ್ವರಿನ ಹೆಸರು' ಎಂದಷ್ಟೇ ಅದರ ಅರ್ಥ; ಅಕ್ಕನ ಮಾತು ದಿಟ. ನನಗೆ ಅಳು ಬರಬೇಕಿತ್ತು. ಬಂದದ್ದು ಮತ್ತೆ ಮತ್ಸರ. ನೀವು ಆ ಜಾಗದಲ್ಲಿ ಹೆಸರನ್ನು ಬರೆಯದಿದ್ದುದು ಅದು ನಿಮಗೆ ಗೊತ್ತಿದ್ದ ಕಾರಣದಿಂದ. ಮಕ್ಕಳನ್ನು ಕರೆವಂತೆ ಯಂತ್ರಗಳನ್ನು ಹೆಸರಿಟ್ಟು ಕರೆದು, ಆ ಹೆಸರು ಮುಂದಿನವರಿಗೆ ಬೇಕಾದೀತೆಂದು ಒಂದು ಗಳಿಗೆಯೂ ಚಿಂತಿಸದಷ್ಟು ಶ್ರೀಮಂತರು ನೀವು. ಯಂತ್ರದ ಮೈಯನ್ನು ನಾವು ಎಷ್ಟೋ ಸಲ ಹೊಸದಾಗಿಸಿದ್ದೇವೆ; ಹೆಸರು ಮಾತ್ರ ನಿಮ್ಮವರು ಇಟ್ಟದ್ದೇ ಒಳಗೆ ಉಳಿದಿದೆ. ಊಹಿಸಿದ ಹೆಸರುಗಳನ್ನೆಲ್ಲ ಹೇಳಿ ನೋಡಿದೆವು. ಅಕ್ಕ ತನ್ನ ಸೋದರತ್ತೆಯಂದಿರ ಹೆಸರುಗಳನ್ನೂ ಬಿಡಲಿಲ್ಲ.

ಬೀದರದ ನೀರಿನ ಲೆಕ್ಕವಿಡುವ ಸರ್ವರಿಗೆ ಮೊದಲು ಹೆಸರಿಟ್ಟವರು ನಿಮ್ಮಲ್ಲೇ ಯಾರೋ ಇದ್ದೀರಿ. ಅದು ನಿಮಗೆ ಸಣ್ಣ ಕೆಲಸವಾಗಿದ್ದೀತು. ನನ್ನ ಮತ್ಸರವನ್ನು ಕ್ಷಮಿಸದಿದ್ದರೂ ಚಿಂತೆಯಿಲ್ಲ, ಒಂದು ಉಪಕಾರ ಮಾಡಿ. ಓಲೆ ಕಾಲವನ್ನು ಏರಿ ಬರಲಾರದು, ಆದರೆ ಕಲ್ಲು ಇದ್ದಲ್ಲೇ ಇದ್ದು ನಮ್ಮವರೆಗೆ ಬರುತ್ತದೆ. ಸುರಂಗ ಬಾವಿಯ ಮೂಡಣ ಬಾಯಿಯಲ್ಲಿ, ನೀರಿಗಿಂತ ಮೇಲೆ, ಬಲಗಡೆಯ ಬಂಡೆಯ ಮೇಲೆ ಆ ಹೆಸರನ್ನು ಆಳವಾಗಿ ಕೆತ್ತಿಸಿ. ಅಲ್ಲಿ ಈಗ ಒಂದು ಆಳೆತ್ತರಕ್ಕೆ ಪಾಚಿ ಬೆಳೆದಿದೆ.

ನಾಳೆ ಬೆಳಗಾದೊಡನೆ ನಾನೂ ಅಕ್ಕನೂ ಅದನ್ನು ಕೆರೆಯಲು ಹೋಗುತ್ತೇವೆ.