ಪಾಸಾದ ಚಪ್ಪಡಿ

ದೊಡ್ಡಮ್ಮನಿಗೆ ನಿನ್ನ ಕುಂಭಕರ್ಣಿಯ ನಮಸ್ಕಾರ.

ಹಾಸಿಗೆ ಕಾರ್ಖಾನೆಯಲ್ಲಿ ತರಬೇತಿ ಎಂದಾಗ "ಇನ್ನೇನು, ಮಲಗೋ ಕೆಲ್ಸ" ಎಂದು ನಕ್ಕೆಯಲ್ಲ? ಇಲ್ಲಿ ಮಲಗುವುದೊಂದು ಬಿಟ್ಟು ಉಳಿದದ್ದೆಲ್ಲ ಆಗುತ್ತಿದೆ. ಹಗಲೆಲ್ಲ ಸ್ಪ್ರಿಂಗ್ ಅಳೆಯಬೇಕು. ಸಂಜೆಯಾದರೆ ಜೊತೆಯವರು "ಊರು ನೋಡ್ಬೇಡ್ವಾ?" ಎಂದು ಗುಡ್ಡಕ್ಕೋ ಕೆರೆಗೋ ಎಳೆದೊಯ್ಯುತ್ತಾರೆ. ಆಮೇಲೆ ಕೊನೆಯ ಬಸ್ಸಿನಲ್ಲಿ ಕಂಬಿಗೆ ಜೋತುಬಿದ್ದು ಕೋಣೆ ಸೇರಬೇಕು. ವಾರವಿಡೀ ಇದೇ ಹಾಡು.

ಇವತ್ತು ಹೊಸ ಮಾದರಿಯೊಂದರ ಮೇಲೆ ಮಲಗಿ, ಹೇಗಿದೆ ಹೇಳು ಎಂದರು. ಶುದ್ಧ ಚಪ್ಪಡಿ ಕಲ್ಲು! ಹಾಗೆನ್ನಲು ಬಾಯಿ ತೆರೆದವಳು ಗೊರಕೆ ಹೊಡೆದೆನಂತೆ. ಎಚ್ಚರವಾಗುವಷ್ಟರಲ್ಲಿ ಮೇಲ್ವಿಚಾರಕರು ಅದಕ್ಕೆ ಪಾಸಿನ ಮುದ್ರೆ ಒತ್ತಿದ್ದರು.

"ಸಾರ್, ಹಸಿವಿಗೆ ರುಚಿಯಿಲ್ಲ, ನಿದ್ದೆಗೆ ಸುಖವಿಲ್ಲ ಅಂತಾರೆ ನಮ್ಮ ದೊಡ್ಡಮ್ಮ. ಇದು ಹಾಸಿಗೆ ಗುಣ ಅಲ್ಲ" ಎಂದು ಗೋಗರೆದೆ.

"ಹಂಗಾದ್ರೆ ನಿಮ್ ದೊಡ್ಡಮ್ಮನೇ ಮಲಗಿ ನೋಡ್ಲಿ ಬಿಡಮ್ಮ" ಎಂದವರು, ಅದನ್ನೇ ಬಹುಮಾನವೆಂದು ನಿನ್ನ ವಿಳಾಸಕ್ಕೆ ಲಾರಿಯಲ್ಲಿ ಹಾಕಿಸಿಯೇಬಿಟ್ಟರು.

ನನ್ನ ಕತ್ತು ಹಿಡಿದುಕೊಂಡಿದೆ, ಉಳಿದಂತೆ ಆರೋಗ್ಯ. ಬಸ್ಸು ಬಂತು, ಇಷ್ಟಕ್ಕೇ ನಿಲ್ಲಿಸುತ್ತೇನೆ. ಹಾಸಿಗೆ ಬಂದರೆ ಯಾರೂ ಮಲಗಬೇಡಿ. ಹಿತ್ತಲಲ್ಲಿ ಹಾಕಿಸಿಕೊಂಡು ಬಟ್ಟೆ ಒಗೆ.