ಈ ಗಂಟೆ ಲೆಕ್ಕಕ್ಕಿಲ್ಲ

ಆಪ್ತಸಮಾಲೋಚನಾ ಕೇಂದ್ರದ ಹಿಂಬದಿ ಕೋಣೆ,
ಜೂನ್ ೧೧, ಊಟದ ಬಿಡುವು

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಅಮ್ಮನ ಮೇಲಿನ ಕೋಪ ಹೇಗಿದೆ? ಎರಡಕ್ಕೂ ಮದ್ದು ಮಾಡಿಕೊಳ್ಳುವವಳಲ್ಲ ನೀನು, ಗೊತ್ತು. ಅಮ್ಮ ಆರೋಗ್ಯವಾಗಿದ್ದಾಳೆ. ನೀನು ಗಂಡನ ಮನೆ ಬಿಟ್ಟು ಬಂದಾಗ ‘ಸ್ವಲ್ಪ ಹೊಂದ್ಕೊಂಡು ಹೋಗಬಾರದಿತ್ತಾ?’ ಅಂದವಳು ಆ ಮಾತನ್ನು ಇನ್ನೂ ಹಿಂದಕ್ಕೆ ತೆಗೆದುಕೊಂಡಿಲ್ಲ. ನೀನು ಫೋನ್ ಮಾಡುತ್ತೀಯ, ಅವಳು ಎತ್ತಿ ಸುಮ್ಮನಿರುತ್ತಾಳೆ, ನೀನು ರಪ್ಪನೆ ಇಟ್ಟುಬಿಡುತ್ತೀಯ. ನಡುವೆ ನಾನೊಬ್ಬಳು ಅಂಚೆಯಣ್ಣ.

ಇಲ್ಲಿ ನನ್ನ ಪಾಡು ಕೇಳಬೇಡ. ಆಪ್ತಸಮಾಲೋಚಕಿಯ ಲೈಸೆನ್ಸ್ ಸಿಗಬೇಕಾದರೆ ಹಿರಿಯರ ಮೇಲ್ವಿಚಾರಣೆಯಲ್ಲಿ ಇಷ್ಟು ಗಂಟೆ ಜನರ ಕಷ್ಟ ಕೇಳಬೇಕಲ್ಲ, ಆ ಗಂಟೆಗಳು ಮುಗಿಯುವ ಲಕ್ಷಣವೇ ಇಲ್ಲ. ನನ್ನ ಮೇಲ್ವಿಚಾರಕಿ ಮೇಡಂ, ಬಂದವರ ಒಪ್ಪಿಗೆ ಪಡೆದು ಮಾಡಿದ ರೆಕಾರ್ಡಿಂಗ್ ಹಾಕಿಕೊಂಡು ಕಣ್ಣು ಮುಚ್ಚಿ ಕೂರುತ್ತಾರೆ. ನಿದ್ದೆ ಹೋದರೇನೋ ಅಂದುಕೊಳ್ಳುವಷ್ಟರಲ್ಲಿ, ‘ಇಲ್ಲಿ ಮತ್ತೆ ನಡುವೆ ಬಾಯಿ ಹಾಕಿದ್ರಿ. ಈ ಗಂಟೆ ಲೆಕ್ಕಕ್ಕಿಲ್ಲ’ ಅನ್ನುತ್ತಾರೆ. ಹೋದ ವಾರ ಒಬ್ಬರು (ಯಾರೆಂದು ಕೇಳಬೇಡ, ಹೇಳಿದರೆ ಇದ್ದ ಗಂಟೆಗಳೂ ಹೋಗುತ್ತವೆ) ತಲೆ ತಗ್ಗಿಸಿ ಕೂತುಬಿಟ್ಟರು. ಪಾಪ ಅನ್ನಿಸಿ ನೀರು ಕೊಟ್ಟೆ, ಸಮಾಧಾನ ಹೇಳಿದೆ, ಎರಡು ಬುದ್ಧಿಮಾತೂ ಹೇಳಿದೆ. ಥ್ಯಾಂಕ್ಸ್ ಎಂದು ಎದ್ದು ಹೋದರು. ‘ಹೇಳೋಕೆ ಬಂದಿದ್ದನ್ನ ಹೊತ್ಕೊಂಡೇ ವಾಪಸ್ ಹೋದ್ರು, ನೋಡಿ’ ಅಂದರು ಮೇಡಂ. ನನಗೆ ಮೈಯೆಲ್ಲ ಉರಿದುಹೋಯಿತು. ಚಿಕ್ಕಂದಿನಿಂದ ನನ್ನನ್ನು ರೇಡಿಯೋ ಎಂದು ಕರೆದವಳು ನೀನು. ರೇಡಿಯೋ ಸುಮ್ಮನಾದರೆ ಕೆಟ್ಟುಹೋಗಿದೆ ಎಂದಲ್ಲವೇ ಅರ್ಥ?

ಮನೆಗೆ ಹೋದರೂ ಬಿಡುಗಡೆಯಿಲ್ಲ. ಚಿಕ್ಕಮ್ಮ ಸೊಸೆಯ ಮೇಲಿನ ದೂರನ್ನೆಲ್ಲ ಫೋನಿನಲ್ಲಿ ಸುರಿದು, ‘ಇದನ್ನೂ ನಿನ್ನ ಗಂಟೆಗೆ ಸೇರಿಸ್ಕೊಳ್ಳೇ’ ಅನ್ನುತ್ತಾಳೆ. ಸಾಕಾಗಿಹೋಗಿದೆ ಅಕ್ಕಾ.

ಬಿಡುವು ಮುಗಿಯಿತು, ಹೊರಗೆ ಬೆಂಚಿನ ಮೇಲೆ ಯಾರೋ ಬಂದು ಕೂತಿದ್ದಾರೆ. ಮಂಡಿಗೆ ಎಣ್ಣೆ ಹಚ್ಚಿಕೋ. ನಿನ್ನ ಮಕ್ಕಳಿಗೆ ಈ ಚಿಕ್ಕಮ್ಮನ ಮುದ್ದು.

ನಿನ್ನ
ರೇಡಿಯೋ

ಮರೆತೇಬಿಟ್ಟಿದ್ದೆ: ನಿನ್ನೆ ಸಂಜೆ ಮಾತಾಡಲು ತ್ರಾಣವಿಲ್ಲದೆ ಅಮ್ಮನ ಪಕ್ಕ ಕೂತು ಬಟ್ಟೆ ಮಡಿಸುತ್ತಿದ್ದೆ. ಅವಳೂ ಮಡಿಸುತ್ತಿದ್ದಳು. ರಾಶಿಯೆಲ್ಲ ಮುಗಿಯಿತು, ಇಬ್ಬರದೂ ತುಟಿ ಪಿಟಕ್ಕೆನ್ನಲಿಲ್ಲ. ಆಮೇಲೆ ತಾನಾಗಿಯೇ ಅಂದಳು: ‘ಅವಳು ಬಿಟ್ಟು ಬಂದಿದ್ದೇ ಒಳ್ಳೇದಾಯ್ತು ಕಣೇ. ನಾನು ಹಾಗೆ ಅನ್ನಬಾರದಿತ್ತು. ಫೋನ್ ಹಿಡಿದ್ರೆ ಎಲ್ಲಿಂದ ಶುರು ಮಾಡ್ಲಿ ಅಂತಾನೇ ತಿಳಿಯಲ್ಲ.’ (ಮೇಡಂ ಹೇಳಿದ್ದೇ ಸರಿಯಾಯಿತು, ಅವರಿಗಂತೂ ನಾನು ಹೇಳುವುದಿಲ್ಲ.) ಭಾನುವಾರ ಫೋನ್ ಮಾಡು. ಎತ್ತುತ್ತಾಳೆ, ಸುಮ್ಮನಿರುತ್ತಾಳೆ. ದಮ್ಮಯ್ಯ ಅಕ್ಕಾ, ಇಡಬೇಡ.